ಹಿಮ್ಮಡಿಯ ಚೀಟಿಯನ್ನು ಓದಿ ಹೇಳುವವರು ಯಾರು?

ಹೋದ ಫೆಬ್ರವರಿಯ ಒಂದು ಭಾನುವಾರ ನಮ್ಮ ಶಾಲೆಯ ಏಳನೇ ತರಗತಿಯ ಕೋಣೆಯಲ್ಲಿ ಒಂದು ಉಚಿತ ಶಿಬಿರ ನಡೆಯಿತು. ಗೇಟಿನ ಹತ್ತಿರ ಬ್ಯಾನರ್ ಕಟ್ಟಿದ್ದರು. "ಉಚಿತ ಎಲುಬು ತಪಾಸಣೆ. ನೋವಿಲ್ಲ, ಸೂಜಿ ಇಲ್ಲ, ವಿಕಿರಣ ಇಲ್ಲ." ಕೋಣೆ ಕೊಟ್ಟವರು ನಾವು. ಬೆಂಚು ಹೊರಗೆ ಹಾಕಿಸಿದವರು ನಾವು. ಮದರ್ ಪಿಟಿಎ ಸಭೆಯಲ್ಲಿ "ಎಲ್ಲರೂ ಬನ್ನಿ, ಬರುವಾಗ ನೆರೆಮನೆಯವರನ್ನೂ ಕರೆದುಕೊಂಡು ಬನ್ನಿ" ಎಂದು ಎರಡು ಸಲ ಹೇಳಿದವರೂ ನಾವೇ. ಆದ್ದರಿಂದ ಈ ಬರಹದಲ್ಲಿ ಯಾರ ಮೇಲಾದರೂ ದೂರು ಇದ್ದರೆ ಅದರ ಮೊದಲ ಪಾಲು ನಮ್ಮದು.

ಬೆಳಗ್ಗೆ ಒಂಬತ್ತಕ್ಕೇ ಸಾಲು ಕಟ್ಟಿತ್ತು. ನಮ್ಮದು ಕುಂಬಳೆ ಸೀಮೆಯ ಒಳಭಾಗದ ಹಳ್ಳಿ. ಬಂದವರಲ್ಲಿ ಹೆಚ್ಚಿನವರು ಬೀಡಿ ಕಟ್ಟುವ ಹೆಂಗಸರು, ಅಡಿಕೆ ಸುಲಿಯಲು ಹೋಗುವವರು, ಮಕ್ಕಳ ಅಜ್ಜಿಯಂದಿರು. ಒಬ್ಬರು ಅಜ್ಜಿ ನಮ್ಮನ್ನು ಬದಿಗೆ ಕರೆದು, "ಟೀಚರ್, ಸ್ಕ್ಯಾನಿಂಗ್ ಅಂದರೆ ಬಸುರಿಯರಿಗೆ ಅಲ್ವಾ? ನನಗೆ ಈ ಪ್ರಾಯದಲ್ಲಿ ಎಂಥದ್ದು ಸ್ಕ್ಯಾನಿಂಗ್?" ಎಂದು ಕೇಳಿ ಸಾಲಿನಲ್ಲಿದ್ದವರನ್ನೆಲ್ಲ ನಗಿಸಿದರು. ಯಂತ್ರ ನೋಡಿದರೆ ಒಂದು ದೊಡ್ಡ ಟಿಫಿನ್ ಕ್ಯಾರಿಯರ್‌ನಷ್ಟು. ಹಿಮ್ಮಡಿಗೆ ಜೆಲ್ ಹಚ್ಚಿ ಕಾಲನ್ನು ಅದರ ಗುಳಿಯಲ್ಲಿಟ್ಟರೆ ಸಾಕು, ಅರ್ಧ ನಿಮಿಷದಲ್ಲಿ ಬಸ್ ಟಿಕೆಟಿನ ಹಾಗೆ ಒಂದು ಚೀಟಿ ಹೊರಗೆ ಬರುತ್ತಿತ್ತು. ಅದರಲ್ಲಿ ಹಸಿರು, ಹಳದಿ, ಕೆಂಪು ಪಟ್ಟೆ, ಕೆಲವು ಅಂಕೆ, ಉಳಿದದ್ದೆಲ್ಲ ಇಂಗ್ಲಿಷ್. ಚೀಟಿ ಕೈಗೆ ಕೊಟ್ಟ ಹುಡುಗ ಮಲೆಯಾಳದಲ್ಲಿ ಎರಡು ಮಾತು ಹೇಳಿ ಪಕ್ಕದ ಮೇಜಿನ ಕಡೆ ಕೈ ತೋರಿಸುತ್ತಿದ್ದ. ಪಕ್ಕದ ಮೇಜಿನಲ್ಲಿ ಎಲುಬಿಗೆ ಬಲ ಕೊಡುವ ಪುಡಿಯ ಡಬ್ಬಿಗಳಿದ್ದವು.

ನಮ್ಮ ಶಾಲೆಯಲ್ಲಿ ಮಧ್ಯಾಹ್ನದ ಅಡುಗೆ ಮಾಡುವ ಅಕ್ಕನಿಗೆ 56 ವರ್ಷ. ಅವರ ಚೀಟಿಯಲ್ಲಿ -2.6 ಎಂದು ಬಂದಿತ್ತು. ಅಂಕೆಯ ಸುತ್ತ ಕೆಂಪು ಪೆನ್ನಿನಲ್ಲಿ ಒಂದು ವೃತ್ತ. ಸೋಮವಾರ ಅಕ್ಕ ಕೆಲಸಕ್ಕೆ ಬರಲಿಲ್ಲ. ಮಂಗಳವಾರವೂ ಇಲ್ಲ. ಮನೆಗೆ ಹೋಗಿ ನೋಡಿದರೆ ಚಾಪೆಯ ಮೇಲೆ ಕೂತಿದ್ದರು. "ನನ್ನ ಎಲುಬು ಪೂರಾ ಟೊಳ್ಳಾಗಿದೆಯಂತೆ ಟೀಚರ್. ಅನ್ನದ ಪಾತ್ರೆ ಎತ್ತುವಾಗ ಬೆನ್ನು ಮುರಿದರೆ ನನ್ನನ್ನು ನೋಡ್ಲಿಕ್ಕೆ ಯಾರು ಉಂಟು?" ಕಪಾಟಿನ ಮೇಲೆ ಪುಡಿಯ ಎರಡು ಡಬ್ಬಿ ಇದ್ದವು. ಆ ತಿಂಗಳ ಸಂಬಳದ ಒಂದು ಭಾಗ ಅದರಲ್ಲಿ ಕೂತಿತ್ತು.

ಅದೇ ದಿನ, ಅದೇ ಯಂತ್ರದಲ್ಲಿ, ನಮ್ಮ ಒಂಬತ್ತನೇ ತರಗತಿಯ ಹುಡುಗಿಯೊಬ್ಬಳ ಅಜ್ಜಿಯೂ ಕಾಲಿಟ್ಟಿದ್ದರು. ಸ್ಕ್ಯಾನಿಂಗ್ ಬಸುರಿಯರಿಗೆ ಎಂದು ನಗಿಸಿದವರು ಅವರೇ. 74 ವರ್ಷ, ಸಪೂರ ಶರೀರ. ಅವರ ಚೀಟಿ ಹಸಿರು ಪಟ್ಟೆಯಲ್ಲಿತ್ತು, -0.8. "ನನಗೆ ಎಂಥ ಆಗಿಲ್ಲ ನೋಡಿ" ಎಂದು ಖುಷಿಯಲ್ಲಿ ಮನೆಗೆ ನಡೆದರು. ಜುಲೈಯಲ್ಲಿ ಪಾಚಿ ಕಟ್ಟಿದ ಅಂಗಳದಲ್ಲಿ ಜಾರಿ ಕೂತರು. ಬಿದ್ದದ್ದು ಇಷ್ಟೇ, ಎತ್ತರದಿಂದ ಏನಲ್ಲ. ತೊಡೆಯೆಲುಬಿನ ಮೇಲ್ತುದಿ ಮುರಿಯಿತು. ಆಪರೇಶನ್ ಆಯಿತು. ಈಗ ವಾಕರ್ ಹಿಡಿದು ಕೋಣೆಯಿಂದ ಜಗಲಿಯವರೆಗೆ ಬರುತ್ತಾರೆ.

ಈ ಎರಡು ಚೀಟಿಗಳು ನಮ್ಮ ನಿದ್ದೆ ಕೆಡಿಸಿದವು. ಯಂತ್ರವೇ ಸುಳ್ಳೇ? ಹಾಗೆಂದು ಹೇಳಿಬಿಟ್ಟರೆ ನಮಗೂ ಸುಲಭ. ಆದರೆ ಓದಿ ನೋಡಿದಾಗ ತಿಳಿದದ್ದು ಬೇರೆ. ಅದನ್ನು ನಮಗೆ ಅರ್ಥವಾದಷ್ಟು ಇಲ್ಲಿ ಬರೆಯುತ್ತೇವೆ.

ಹಲಸನ್ನು ಬಡಿದು ನೋಡುವ ಹಾಗೆ

ಹಲಸಿನ ಹಣ್ಣನ್ನು ಬೆರಳಲ್ಲಿ ಬಡಿದು, ಕಿವಿಗೊಟ್ಟು, ಒಳಗೆ ಬಲಿತಿದೆಯೋ ಇಲ್ಲವೋ ಎಂದು ಹೇಳುವವರು ನಮ್ಮ ಪ್ರತಿ ಮನೆಯಲ್ಲೂ ಇದ್ದಾರೆ. ಮಣ್ಣಿನ ಮಡಕೆ ಕೊಳ್ಳುವಾಗಲೂ ಹಾಗೆಯೇ ಬಡಿದು ನೋಡುತ್ತೇವೆ. ಹಿಮ್ಮಡಿಯ ಯಂತ್ರ ಮಾಡುವುದೂ ಹೆಚ್ಚುಕಡಿಮೆ ಇದನ್ನೇ. ವ್ಯತ್ಯಾಸ ಇಷ್ಟೇ, ಅದು ಬಡಿಯುವ ಶಬ್ದ ನಮ್ಮ ಕಿವಿಗೆ ಕೇಳುವುದಿಲ್ಲ. ಮನುಷ್ಯನ ಕಿವಿ ಸೆಕೆಂಡಿಗೆ 20,000 ಕಂಪನದವರೆಗೆ ಮಾತ್ರ ಕೇಳುತ್ತದೆ ಎಂದು ನಾವೇ ಹೈಸ್ಕೂಲಿನಲ್ಲಿ ಪಾಠ ಮಾಡುತ್ತೇವಲ್ಲ, ಅದರ ಮೇಲಿನದ್ದು ಶ್ರವಣಾತೀತ ಶಬ್ದ, ಅಂದರೆ ಅಲ್ಟ್ರಾಸೌಂಡ್. ಬಸುರಿಯರ ಸ್ಕ್ಯಾನಿಂಗಿನಲ್ಲಿ ಬಳಸುವುದು ಸೆಕೆಂಡಿಗೆ ಹತ್ತಾರು ಲಕ್ಷ ಕಂಪನದ ಶಬ್ದ. ಎಲುಬು ಅಷ್ಟು ಸಣ್ಣ ಅಲೆಯನ್ನು ದಾಟಲು ಬಿಡುವುದಿಲ್ಲ. ಆದ್ದರಿಂದ ಹಿಮ್ಮಡಿಯ ಯಂತ್ರದಲ್ಲಿ ಸುಮಾರು 2 ಲಕ್ಷದಿಂದ 6 ಲಕ್ಷ ಕಂಪನದ ಶಬ್ದವನ್ನು ಒಂದು ಬದಿಯಿಂದ ಕಳಿಸಿ ಇನ್ನೊಂದು ಬದಿಯಲ್ಲಿ ಹಿಡಿಯುತ್ತಾರೆ.

ಹಿಡಿದು ಎರಡು ಸಂಗತಿ ಅಳೆಯುತ್ತಾರೆ. ಒಂದು, ಶಬ್ದ ಎಷ್ಟು ವೇಗದಲ್ಲಿ ದಾಟಿತು. ಗಾಳಿಯಲ್ಲಿ ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುತ್ತದೆ, ನೀರಿನಲ್ಲಿ ಸುಮಾರು 1,500 ಮೀಟರ್. ಹಿಮ್ಮಡಿಯ ಎಲುಬು ಗಟ್ಟಿಯಾದಷ್ಟೂ ಅದಕ್ಕಿಂತ ತುಸು ಹೆಚ್ಚಿನ ವೇಗ ಬರುತ್ತದೆ. ಇನ್ನೊಂದು, ದಾರಿಯಲ್ಲಿ ಎಷ್ಟು ಶಬ್ದವನ್ನು ಎಲುಬು ನುಂಗಿತು. ಇಲ್ಲಿ ನಮಗೆ ಆಶ್ಚರ್ಯವಾಯಿತು. ಆರೋಗ್ಯದ ಎಲುಬೇ ಹೆಚ್ಚು ನುಂಗುವುದು. ಹಿಮ್ಮಡಿಯ ಒಳಭಾಗ ಜೇನುಗೂಡಿನ ಹಾಗೆ ಸಣ್ಣ ಸಣ್ಣ ಎಳೆಗಳ ಜಾಲ. ಎಳೆಗಳು ಒತ್ತೊತ್ತಾಗಿದ್ದರೆ ಶಬ್ದ ಅವುಗಳಿಗೆ ತಾಗಿ ತಾಗಿ ಸೊರಗುತ್ತದೆ. ಎಳೆ ಸವೆದು ಜಾಲ ಸಡಿಲವಾದರೆ ಸರಾಗವಾಗಿ ದಾಟಿಬಿಡುತ್ತದೆ.

ಮೈಯಲ್ಲಿ ಇಷ್ಟೆಲ್ಲ ಎಲುಬಿರುವಾಗ ಹಿಮ್ಮಡಿಯೇ ಯಾಕೆ? ಅದರ ಎರಡೂ ಬದಿ ಹೆಚ್ಚುಕಡಿಮೆ ಚಪ್ಪಟೆ, ಮೇಲೆ ಮಾಂಸ ಕಡಿಮೆ, ಮೈಭಾರ ಹೊರುವ ಎಲುಬು ಅದು. ಜೊತೆಗೆ ಅದರ ಬಹುಪಾಲು ಈ ಜಾಲದ ಎಲುಬೇ. ಸವೆತ ಮೊದಲು ಕಾಣುವುದು ಇಂಥ ಜಾಲದಲ್ಲಿ. ಇಂಗ್ಲೆಂಡಿನ ಕ್ರಿಶ್ಚಿಯನ್ ಲ್ಯಾಂಗ್ಟನ್ ಮತ್ತು ಅವರ ಜೊತೆಗಾರರು ಶಬ್ದ ನುಂಗುವ ಈ ಲೆಕ್ಕವನ್ನು ಪ್ರಕಟಿಸಿದ್ದು 1984ರಲ್ಲಿ. ನಮ್ಮ ಕಾಸರಗೋಡು ಜಿಲ್ಲೆ ಹುಟ್ಟಿದ್ದೂ ಅದೇ ವರ್ಷ. ಅಂದರೆ ಈ ವಿದ್ಯೆಗೂ ನಮ್ಮ ಜಿಲ್ಲೆಗೂ ಒಂದೇ ಪ್ರಾಯ!

ಕೆಲಸಕ್ಕೆ ಬಾರದ ಯಂತ್ರ ಇದು ಎಂದು ಯಾರೂ ತಿಳಿಯಬಾರದು. ಫ್ರಾನ್ಸಿನಲ್ಲಿ 75 ದಾಟಿದ ಐದು ಸಾವಿರಕ್ಕೂ ಹೆಚ್ಚು ಹೆಂಗಸರ ಹಿಮ್ಮಡಿ ಅಳೆದು, ಮುಂದೆ ಯಾರ ಸೊಂಟದ ಎಲುಬು ಮುರಿಯಿತು ಎಂದು ಕಾದು ನೋಡಿದರು. ಹಿಮ್ಮಡಿಯ ಅಳತೆ ಕಡಿಮೆ ಇದ್ದವರಲ್ಲಿ ಮುರಿತ ಹೆಚ್ಚಿತ್ತು. 1996ರಲ್ಲಿ ಅದರ ಫಲಿತಾಂಶ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಬಂತು. ವಿದ್ಯೆ ನಿಜವಾದದ್ದೇ. ಹಾಗಾದರೆ ನಮ್ಮ ಏಳನೇ ತರಗತಿಯ ಕೋಣೆಯಲ್ಲಿ ಎಡವಿದ್ದು ಎಲ್ಲಿ?

ಒಂದೇ ಅಂಕೆ, ಬೇರೆ ಬೇರೆ ಮೆಟ್ಟಿಲು

ಎಡವಿದ್ದು ಆ -2.6ರಲ್ಲಿ. ಅದಕ್ಕೆ ಟಿ-ಸ್ಕೋರ್ ಎನ್ನುತ್ತಾರೆ. ಆರೋಗ್ಯವಂತ ಯುವತಿಯರ ಸರಾಸರಿಯನ್ನು ಸೊನ್ನೆ ಎಂದಿಟ್ಟುಕೊಂಡು, ಅದಕ್ಕಿಂತ ನೀವು ಎಷ್ಟು ಮೆಟ್ಟಿಲು ಕೆಳಗಿದ್ದೀರಿ ಎಂಬುದರ ಲೆಕ್ಕ ಅದು. 1994ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಒಂದು ಗೆರೆ ಎಳೆಯಿತು. -1ರ ಮೇಲಿದ್ದರೆ ಸರಿ, -1 ಮತ್ತು -2.5ರ ನಡುವೆ ಇದ್ದರೆ ಸಾಂದ್ರತೆ ತುಸು ಕಡಿಮೆ, -2.5 ಅಥವಾ ಅದಕ್ಕಿಂತ ಕೆಳಗಿದ್ದರೆ ಆಸ್ಟಿಯೊಪೊರೋಸಿಸ್, ಅಂದರೆ ಎಲುಬು ಸವೆದು ಸುಲಭಕ್ಕೆ ಮುರಿಯುವ ಸ್ಥಿತಿ. ಆದರೆ ಈ ಗೆರೆಗಳನ್ನು ಈಗ ಅನ್ವಯಿಸುವುದು ಡೆಕ್ಸಾ ಎಂಬ ಬೇರೆಯೇ ಪರೀಕ್ಷೆಗೆ. ಅದರಲ್ಲಿ ಎರಡು ಬಗೆಯ ಶಕ್ತಿಯ ಎಕ್ಸ್-ರೇ ಹಾಯಿಸಿ ಸೊಂಟ ಮತ್ತು ಬೆನ್ನೆಲುಬಿನ ಖನಿಜವನ್ನು ಅಳೆಯುತ್ತಾರೆ. ಹಿಮ್ಮಡಿಯ ಯಂತ್ರ ಖನಿಜವನ್ನು ಅಳೆಯುವುದೇ ಇಲ್ಲ, ಶಬ್ದವನ್ನು ಅಳೆಯುತ್ತದೆ. ಎರಡರಲ್ಲೂ ಟಿ-ಸ್ಕೋರ್ ಎಂದೇ ಬರೆದಿರುತ್ತದೆ. ಆದರೆ ಮೆಟ್ಟಿಲುಗಳ ಎತ್ತರ ಒಂದೇ ಅಲ್ಲ. ಒಂದು ಕಂಪನಿಯ ಹಿಮ್ಮಡಿ ಯಂತ್ರಕ್ಕೂ ಇನ್ನೊಂದು ಕಂಪನಿಯದ್ದಕ್ಕೂ ಕೂಡ ಒಂದೇ ಅಲ್ಲ, ಯಾವ ನಾಡಿನ ಯುವತಿಯರ ಸರಾಸರಿಗೆ ಹೋಲಿಸಿದ್ದಾರೆ ಎನ್ನುವುದರ ಮೇಲೂ ಅಂಕೆ ಬದಲಾಗುತ್ತದೆ.

ಎಲುಬಿನ ಸಾಂದ್ರತೆ ಅಳೆಯುವ ತಜ್ಞರದ್ದೇ ಒಂದು ಅಂತಾರಾಷ್ಟ್ರೀಯ ಸಂಘವಿದೆ. ಅವರ ಮಾತು ಸ್ಪಷ್ಟವಾಗಿದೆ. ಶಬ್ದದಿಂದ ಅಳೆಯುವುದಾದರೆ ಹಿಮ್ಮಡಿಯಲ್ಲೇ ಅಳೆಯಿರಿ. ಮುಟ್ಟು ನಿಂತ ಹೆಂಗಸರಲ್ಲಿ ಮತ್ತು 65 ದಾಟಿದ ಗಂಡಸರಲ್ಲಿ ಮುಂದೆ ಎಲುಬು ಮುರಿಯುವ ಸಂಭವವನ್ನು ಅಂದಾಜು ಮಾಡಲು ಅದು ಸಹಾಯ ಮಾಡುತ್ತದೆ. ಆದರೆ ವಿಶ್ವ ಆರೋಗ್ಯ ಸಂಸ್ಥೆಯ ಗೆರೆ ಹಿಡಿದು ಅದರಿಂದ ರೋಗ ಹೆಸರಿಸಬೇಡಿ, ಮದ್ದು ಫಲಿಸಿದೆಯೋ ಎಂದು ನೋಡಲೂ ಅದನ್ನು ಬಳಸಬೇಡಿ.

ಅಳತೆಗೆ ಇನ್ನೂ ಕೆಲವು ತೊಡಕುಗಳಿವೆ. ಜೆಲ್ ಹಚ್ಚುವುದು ನಡುವೆ ಗಾಳಿ ಉಳಿಯಬಾರದೆಂದು. ಗಾಳಿ ಇದ್ದರೆ ಈ ಶಬ್ದ ದಾಟುವುದಿಲ್ಲ. ಕಾಲು ಬಾತಿದ್ದರೆ, ಹಿಮ್ಮಡಿ ತೀರಾ ತಣ್ಣಗಿದ್ದರೆ, ಪಾದ ಗುಳಿಯಲ್ಲಿ ತುಸು ಓರೆಯಾಗಿ ಕೂತರೆ ಅಂಕೆ ಆಚೀಚೆ ಆಗುತ್ತದೆ. ಗಡಿಬಿಡಿಯ ಶಿಬಿರದಲ್ಲಿ ಒಬ್ಬೊಬ್ಬರಿಗೆ ಒಂದು ನಿಮಿಷ ಸಿಕ್ಕರೆ ಹೆಚ್ಚು. ಇದನ್ನೆಲ್ಲ ನೋಡುವವರು ಯಾರು?

ನಮ್ಮ ಅಕ್ಕನನ್ನು ಕುಟುಂಬ ಆರೋಗ್ಯ ಕೇಂದ್ರದ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆವು. ಅವರು ಡೆಕ್ಸಾಕ್ಕೆ ಬರೆದುಕೊಟ್ಟರು, ಮಂಗಳೂರಿನಲ್ಲಿ ಮಾಡಿಸಿದೆವು. ಬೆನ್ನಿನದ್ದು -1.8, ಸೊಂಟದ್ದು -1.4. ಸ್ವಲ್ಪ ಕಡಿಮೆ, ಜಾಗ್ರತೆ ಬೇಕು, ಆದರೆ ಚಾಪೆ ಹಿಡಿಯುವಂಥದ್ದು ಏನೂ ಇಲ್ಲ. "ನಡೆಯಿರಿ, ಬಿಸಿಲಿಗೆ ಬನ್ನಿ, ಊಟ ಸರಿ ಮಾಡಿ. ಎಲುಬು ಮುರಿಯುತ್ತದೆಂದು ಸುಮ್ಮನೆ ಕೂತರೆ ಎಲುಬು ಇನ್ನೂ ಸವೆಯುತ್ತದೆ" ಎಂದರು ಡಾಕ್ಟರು. ಹತ್ತು ದಿನ ಹೆದರಿ ಕೂತಿದ್ದ ಅಕ್ಕ ಮರುದಿನ ಅಡುಗೆಕೋಣೆಗೆ ಬಂದರು. ದೊಡ್ಡ ಪಾತ್ರೆಯನ್ನು ಈಗ ಇಬ್ಬರು ಸೇರಿ ಎತ್ತುತ್ತಾರೆ. ಅದು ಮೊದಲೇ ಆಗಬೇಕಿದ್ದ ವ್ಯವಸ್ಥೆ, ಚೀಟಿಯ ನೆಪದಲ್ಲಾದರೂ ಆಯಿತಲ್ಲ.

ಅಜ್ಜಿಯ ಸಂಗತಿ ಇನ್ನೂ ನೋವಿನದ್ದು. ಆಸ್ಪತ್ರೆಯಲ್ಲಿ ಡಾಕ್ಟರು ಕೇಳಿದ ಮೊದಲ ಪ್ರಶ್ನೆ, "ಹಿಂದೆ ಯಾವಾಗಾದರೂ ಎಲುಬು ಮುರಿದಿತ್ತಾ?" ಎಂದು. ಹೌದು, ನಾಲ್ಕು ವರ್ಷದ ಹಿಂದೆ ಬಾವಿಕಟ್ಟೆಯ ಹತ್ತಿರ ಕೈಯೂರಿ ಬಿದ್ದು ಮಣಿಕಟ್ಟು ಮುರಿದಿತ್ತು. ಪ್ರಾಯದವರಲ್ಲಿ ನಿಂತಲ್ಲಿಂದ ಬಿದ್ದು ಎಲುಬು ಮುರಿದರೆ ಅದೇ ದೊಡ್ಡ ಎಚ್ಚರಿಕೆಯಂತೆ. ಅದನ್ನು ತಿಳಿಯಲು ಯಂತ್ರ ಬೇಕಾಗಿರಲಿಲ್ಲ, ಒಂದು ಪ್ರಶ್ನೆ ಸಾಕಿತ್ತು. ಶಿಬಿರದಲ್ಲಿ ಅದನ್ನು ಯಾರೂ ಕೇಳಲಿಲ್ಲ. ನಾವೂ ಕೇಳಲಿಲ್ಲ. ಹಸಿರು ಪಟ್ಟೆ ನೋಡಿ ಅಜ್ಜಿಗೆ ಚಪ್ಪಾಳೆ ತಟ್ಟಿದವರು ನಾವು.

"ವಿಕಿರಣ ಇಲ್ಲ" ಎಂಬ ಮಾತು

ಬ್ಯಾನರಿನಲ್ಲಿ ದೊಡ್ಡ ಅಕ್ಷರದಲ್ಲಿದ್ದ ಮಾತು ಇದು. ಸುಳ್ಳಲ್ಲ. ಶಬ್ದದಲ್ಲಿ ವಿಕಿರಣ ಇಲ್ಲ, ಗರ್ಭಿಣಿಯರಿಗೆ ಅದನ್ನು ಬಳಸುವುದೂ ಅದಕ್ಕೇ. ಆದರೆ ಆ ಮಾತು ಓದಿದ ಅಕ್ಕನಿಗೆ ಡಾಕ್ಟರು ಡೆಕ್ಸಾ ಬರೆದಾಗ ಮತ್ತೊಂದು ಹೆದರಿಕೆ ಶುರುವಾಯಿತು. "ಅದರಲ್ಲಿ ವಿಕಿರಣ ಉಂಟಂತೆ, ಬೇಡ ಟೀಚರ್." ಅಕ್ಕನನ್ನು ನಾವು ತಪ್ಪು ಹೇಳುವುದಿಲ್ಲ. 2000ದವರೆಗೂ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದದ್ದನ್ನು ಕಂಡ ಜಿಲ್ಲೆ ನಮ್ಮದು. ಕಣ್ಣಿಗೆ ಕಾಣದ್ದನ್ನು "ಏನೂ ಆಗುವುದಿಲ್ಲ" ಎಂದರೆ ಇಲ್ಲಿಯವರು ಸುಲಭಕ್ಕೆ ನಂಬುವುದಿಲ್ಲ, ನಂಬಬೇಕೆಂದೂ ಇಲ್ಲ. ಲೆಕ್ಕ ಕೊಡಬೇಕು.

ಲೆಕ್ಕ ಹೀಗಿದೆ. ನೆಲದಿಂದ, ಆಕಾಶದಿಂದ, ತಿನ್ನುವ ಅನ್ನದಿಂದ ಮನುಷ್ಯನಿಗೆ ಸಹಜವಾಗಿ ಸಿಗುವ ವಿಕಿರಣ ಲೋಕದ ಸರಾಸರಿಯಲ್ಲಿ ವರ್ಷಕ್ಕೆ 2.4 ಮಿಲಿಸೀವರ್ಟ್. ಒಂದು ದಿನದ ಪಾಲು ಅದರ 365ರಲ್ಲಿ ಒಂದು ಭಾಗ. ಡೆಕ್ಸಾ ಪರೀಕ್ಷೆಯಲ್ಲಿ ಸಿಗುವುದು ಸಾಮಾನ್ಯವಾಗಿ ಒಂದೆರಡು ದಿನದ ಪಾಲಿನಷ್ಟು ಮಾತ್ರ. ನಮ್ಮದೇ ಕೇರಳದ ಕೊಲ್ಲಂ ಜಿಲ್ಲೆಯಲ್ಲಿ ಚವರ, ಕರುನಾಗಪ್ಪಳ್ಳಿ ಕರಾವಳಿಯ ಮರಳಿನಲ್ಲಿ ಮೊನಜೈಟ್ ಇದೆ, ಅದರಲ್ಲಿ ಥೋರಿಯಂ ಇದೆ. ಅಲ್ಲಿಯ ಜನ ತಲೆಮಾರುಗಳಿಂದ ಇದಕ್ಕಿಂತ ಎಷ್ಟೋ ಪಟ್ಟು ಹೆಚ್ಚಿನ ಸಹಜ ವಿಕಿರಣದಲ್ಲಿ ಬದುಕುತ್ತಿದ್ದಾರೆ. ತಿರುವನಂತಪುರದ ಪ್ರಾದೇಶಿಕ ಕ್ಯಾನ್ಸರ್ ಕೇಂದ್ರದವರು ಅಲ್ಲಿ ದೀರ್ಘಕಾಲ ಅಧ್ಯಯನ ಮಾಡಿ 2009ರಲ್ಲಿ ಪ್ರಕಟಿಸಿದ ವರದಿಯಲ್ಲಿ ಆ ವಿಕಿರಣದಿಂದ ಕ್ಯಾನ್ಸರ್ ಹೆಚ್ಚಾದದ್ದು ಕಂಡುಬರಲಿಲ್ಲ. ಹೀಗಿರುವಾಗ ಅಗತ್ಯ ಇರುವವರು ಡೆಕ್ಸಾಕ್ಕೆ ಹೆದರಿ ಹಿಂದೆ ಸರಿಯುವುದು ನಷ್ಟ.

ಹಿಮ್ಮಡಿಯ ಯಂತ್ರದ ನಿಜವಾದ ಗುಣ ಬೇರೆ. ಅದನ್ನು ಜೀಪಿನಲ್ಲಿಟ್ಟು ಗುಡ್ಡದ ಮೇಲಿನ ಹಳ್ಳಿಗೂ ಒಯ್ಯಬಹುದು. ಅಗ್ಗ, ಬೇಗ ಮುಗಿಯುತ್ತದೆ. ಡೆಕ್ಸಾಕ್ಕೆ ಒಂದು ದಿನದ ಕೆಲಸ ಬಿಡಬೇಕು, ಬಸ್ಸಿಗೆ ಹಣ ಬೇಕು, ತಲಪಾಡಿ ದಾಟಬೇಕು. 2020ರ ಮಾರ್ಚಿನಲ್ಲಿ ತಲಪಾಡಿಯಲ್ಲಿ ಗಡಿ ಮುಚ್ಚಿದಾಗ ಆಸ್ಪತ್ರೆಗೆ ಹೋಗಲಾರದೆ ನಮ್ಮವರು ಪಟ್ಟ ಪಾಡು ಯಾರೂ ಮರೆತಿಲ್ಲ. ಆದ್ದರಿಂದ ನಮ್ಮಂಥ ಕಡೆಗೆ ಈ ಪುಟ್ಟ ಯಂತ್ರ ಬರುವುದು ಬೇಕು. ಯಾರನ್ನು ಡೆಕ್ಸಾಕ್ಕೆ ಕಳಿಸಬೇಕು ಎಂದು ಜರಡಿ ಹಿಡಿಯಲು ಅದು ಬೇಕು. ಹಲಸನ್ನು ಬಡಿದು ನೋಡಿ ಆರಿಸಬಹುದು, ಒಳಗೆ ಹೇಗಿದೆ ಎಂಬ ಕೊನೆಯ ಮಾತು ಕೊಯ್ದ ಮೇಲೆಯೇ.

ತರಗತಿಯಲ್ಲಿ ಮಾಡಿದ ಒಂದು ಲೆಕ್ಕ

ಜರಡಿ ಎಂದಾಗ ನೆನಪಾಯಿತು. ಯಂತ್ರವೇ ಇಲ್ಲದ ಒಂದು ಜರಡಿಯೂ ಇದೆ. ಏಷ್ಯಾದ ಹಲವು ನಾಡುಗಳ ಮುಟ್ಟು ನಿಂತ ಹೆಂಗಸರನ್ನು ನೋಡಿ 2001ರಲ್ಲಿ ತಜ್ಞರು ಮಾಡಿದ ಸೂತ್ರ ಅದು. ಕಿಲೋ ಲೆಕ್ಕದ ತೂಕದಿಂದ ವರ್ಷ ಲೆಕ್ಕದ ಪ್ರಾಯ ಕಳೆಯಿರಿ, ಬಂದದ್ದನ್ನು 0.2ರಿಂದ ಗುಣಿಸಿರಿ. ಉತ್ತರ -1ಕ್ಕಿಂತ ಮೇಲಿದ್ದರೆ ಅಪಾಯ ಕಡಿಮೆ, -4ಕ್ಕಿಂತ ಕೆಳಗಿದ್ದರೆ ಹೆಚ್ಚು, ನಡುವೆ ಇದ್ದರೆ ಮಧ್ಯಮ. ಋಣಸಂಖ್ಯೆಯ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕೇ? ಎಂಟನೇ ತರಗತಿಯಲ್ಲಿ ಬೋರ್ಡಿನ ಮೇಲೆ ಬರೆದೆವು.

ಹೆಸರು ಹೇಳದೆ ನಮ್ಮ ಅಕ್ಕನ ಲೆಕ್ಕ ಮಾಡಿಸಿದೆವು. ತೂಕ 58, ಪ್ರಾಯ 56. ಉತ್ತರ +0.4. ಅಪಾಯ ಕಡಿಮೆ. ಆಮೇಲೆ ಅಜ್ಜಿಯದ್ದು. ತೂಕ 41, ಪ್ರಾಯ 74. ಉತ್ತರ -6.6. ಹಿಂದಿನ ಬೆಂಚಿನ ಹುಡುಗನೊಬ್ಬ, "ಇವರನ್ನು ಕೂಡಲೇ ಡಾಕ್ಟರಲ್ಲಿಗೆ ಕರ್ಕೊಂಡು ಹೋಗ್ಬೇಕು ಅಲ್ವಾ ಸಾರ್?" ಎಂದ. ನಮಗೆ ಉತ್ತರ ಹೇಳಲು ಸ್ವಲ್ಪ ಹೊತ್ತು ಬೇಕಾಯಿತು.

ಇದೂ ಜರಡಿಯೇ, ಇದನ್ನು ನೋಡಿ ರೋಗ ಇದೆ, ಇಲ್ಲ ಎಂದು ತೀರ್ಮಾನಿಸಬಾರದು. ಆದರೆ ಸೊನ್ನೆ ಖರ್ಚಿನಲ್ಲಿ, ನಮ್ಮ ಭಾಷೆಯಲ್ಲಿ, ನಮ್ಮ ಮಕ್ಕಳೇ ಮನೆಯಲ್ಲಿ ಮಾಡಬಹುದಾದ ಲೆಕ್ಕ. ಅದರ ಜೊತೆ ಇನ್ನೂ ನಾಲ್ಕು ಪ್ರಶ್ನೆ ಸೇರಿಸಿಕೊಂಡೆವು. ಹಿಂದೆ ಸಣ್ಣ ಬೀಳಿಗೆ ಎಲುಬು ಮುರಿದಿತ್ತೇ? ತಾಯಿಗೋ ತಂದೆಗೋ ಸೊಂಟದ ಎಲುಬು ಮುರಿದಿತ್ತೇ? ಮುಟ್ಟು 45ಕ್ಕಿಂತ ಮೊದಲೇ ನಿಂತಿತೇ? ದಮ್ಮಿಗೋ ಸಂಧಿವಾತಕ್ಕೋ ಬಹಳ ಕಾಲ ಸ್ಟಿರಾಯ್ಡ್ ಮಾತ್ರೆ ತಿಂದದ್ದುಂಟೇ? ಒಂದಕ್ಕೆ ಹೌದು ಎಂದರೂ ಡಾಕ್ಟರಿಗೆ ಹೇಳಬೇಕು, ಚೀಟಿ ಹಸಿರಿದ್ದರೂ.

ನಮ್ಮ ಪಿ.ಟಿ. ಪೀರಿಯಡ್

ಇಷ್ಟು ಹೇಳಿ ಮುಗಿಸಿದರೆ ಮೇಷ್ಟ್ರ ಕೆಲಸ ಅರ್ಧವೇ ಆಗುತ್ತದೆ. ಎಲುಬು ಸವೆಯುವುದು ಐವತ್ತರ ನಂತರ ಕಾಣುತ್ತದೆ, ಕಟ್ಟುವುದು ಮಾತ್ರ ಶಾಲೆಗೆ ಹೋಗುವ ಪ್ರಾಯದಲ್ಲಿ. ಬದುಕಿನ ಎಲುಬಿನ ಗಂಟಿನ ಬಹುಪಾಲು ಇಪ್ಪತ್ತರ ಒಳಗೇ ಕೂಡಿ ಆಗಿರುತ್ತದೆ, ಬೆಳೆಯುವ ಪ್ರಾಯದ ಎರಡು ಮೂರು ವರ್ಷದಲ್ಲಂತೂ ಭರದಿಂದ ಸೇರುತ್ತದೆ. ಹೆಂಗಸರಿಗೆ ಮುಟ್ಟು ನಿಂತ ಮೇಲೆ ಈಸ್ಟ್ರೋಜನ್ ಇಳಿದು, ಈ ಗಂಟು ವೇಗವಾಗಿ ಕರಗುತ್ತದೆ. ಗಂಟು ದೊಡ್ಡದಿದ್ದರೆ ಹೆಚ್ಚು ಕಾಲ ಬರುತ್ತದೆ.

ಎಲುಬಿಗೆ ಗಂಟು ಕಟ್ಟಿಸುವುದು ಓಟ, ಜಿಗಿತ, ಕುಂಟೆಬಿಲ್ಲೆ, ಹಗ್ಗ ಹಾರುವುದು, ಕಬಡ್ಡಿ. ಈಗ ನಮ್ಮ ಟೈಮ್‌ಟೇಬಲ್ ನೋಡಿರಿ. ಹತ್ತನೇ ತರಗತಿಗೆ ಪಿ.ಟಿ. ಪೀರಿಯಡ್ ಇದೆ, ಕಾಗದದ ಮೇಲೆ. ಅದನ್ನು ಗಣಿತಕ್ಕೆ ಎತ್ತಿಕೊಂಡವರು ನಾವೇ. ಎಂಟನೇ ತರಗತಿ ದಾಟಿದ ಹುಡುಗಿಯರು ಮೈದಾನದ ಬದಿಯ ಕಟ್ಟೆಯಲ್ಲಿ ಕೂತು ಹುಡುಗರ ಆಟ ನೋಡುತ್ತಾರೆ. "ಆಡ್ಲಿಕ್ಕೆ ಹೋಗಿ" ಎಂದು ನಾವು ಹೇಳುವುದೂ ಬಿಟ್ಟಿದ್ದೇವೆ. ಮುಂದಿನ 40 ವರ್ಷದ ನಂತರ ಕೆಂಪು ಚೀಟಿ ಹಿಡಿದು ಕೂರುವವರು ಆ ಕಟ್ಟೆಯ ಮೇಲಿನ ಹುಡುಗಿಯರೇ.

ಊಟದ ಮಾತಿಗೆ ಬಂದರೆ, ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2020ರಲ್ಲಿ ವಯಸ್ಕರಿಗೆ ದಿನಕ್ಕೆ 1,000 ಮಿಲಿಗ್ರಾಂ ಕ್ಯಾಲ್ಸಿಯಂ ಬೇಕೆಂದಿದೆ. ನಮ್ಮ ಗಂಜಿಯ ಅಕ್ಕಿಯಲ್ಲಿ ಅದು ಬಹಳ ಕಡಿಮೆ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ, ನುಗ್ಗೆಸೊಪ್ಪಿನಲ್ಲಿ 300ಕ್ಕೂ ಹೆಚ್ಚು, ಹಸುವಿನ ಹಾಲಿನಲ್ಲಿ ಸುಮಾರು 120. ಎಳ್ಳಿನಲ್ಲಿ 1,000ಕ್ಕೂ ಹೆಚ್ಚು, ಆದರೆ ಎಳ್ಳನ್ನು ಯಾರೂ ಬೊಗಸೆಯಲ್ಲಿ ತಿನ್ನುವುದಿಲ್ಲ, ಚಟ್ನಿಗೆ ಹಾಕಿದಷ್ಟು. ಸಣ್ಣ ಮೀನನ್ನು ಮುಳ್ಳು ಸಮೇತ ಅಗಿದು ತಿನ್ನುವವರಿಗೆ ಅಲ್ಲಿಂದಲೂ ಸಿಗುತ್ತದೆ. ನುಗ್ಗೆಮರ ಹಿತ್ತಲಲ್ಲೇ ಇದೆ, ಸೊಪ್ಪು ಉದುರಿ ಹೋಗುತ್ತಿದೆ. ಡಬ್ಬಿಯ ಪುಡಿಗೆ ಹಣ ಕೊಡುವ ಮೊದಲು ಅದರ ಕಡೆ ನೋಡಬಹುದಿತ್ತು. ಬಿಸಿಲೂ ಬೇಕು, ವಿಟಮಿನ್ ಡಿ ಇಲ್ಲದೆ ತಿಂದ ಕ್ಯಾಲ್ಸಿಯಂ ಸರಿಯಾಗಿ ಒಳಗೆ ಸೇರುವುದಿಲ್ಲ. ಬೆಳಗ್ಗಿನಿಂದ ಸಂಜೆಯವರೆಗೆ ಜಗಲಿಯ ನೆರಳಲ್ಲಿ ಗೆರಸೆ ಮಡಿಲಲ್ಲಿಟ್ಟು ಬೀಡಿ ಕಟ್ಟುವವರಿಗೆ ಕೂಲಿ ಸಿಗುವುದು ಬೀಡಿಯ ಎಣಿಕೆಗೆ. "ಬಿಸಿಲಿಗೆ ಬನ್ನಿ" ಎಂದು ಹೇಳುವುದು ಸುಲಭ, ಅರ್ಧ ಗಂಟೆ ಎದ್ದರೆ ಅಷ್ಟು ಬೀಡಿ ಕಡಿಮೆ. ಇದನ್ನು ಬಲ್ಲವರು ಮಾತ್ರ ಅವರಿಗೆ ಸಲಹೆ ಹೇಳಬೇಕು.

ಇನ್ನೊಂದು ಶಿಬಿರ ಬಂದರೆ

ಬರಲಿ. ನಮ್ಮ ಶಾಲೆಯ ಬಾಗಿಲು ತೆರೆದಿರುತ್ತದೆ. ಆದರೆ ಈ ಸಲ ಕೋಣೆಯ ಬೀಗದಕೈ ಕೊಡುವ ಮೊದಲು ನಾಲ್ಕು ಮಾತು ಕೇಳುತ್ತೇವೆ ಎಂದು ಸ್ಟಾಫ್ ಮೀಟಿಂಗಿನಲ್ಲಿ ತೀರ್ಮಾನಿಸಿದ್ದೇವೆ.

ಒಂದು, ಚೀಟಿ ಕೊಡುವಲ್ಲಿ ಒಬ್ಬ ಡಾಕ್ಟರು ಇರಬೇಕು. ಎರಡು, ಮುಟ್ಟು ನಿಂತ ಹೆಂಗಸರನ್ನೂ 65 ದಾಟಿದ ಗಂಡಸರನ್ನೂ ಮಾತ್ರ ನೋಡಬೇಕು. ಅವತ್ತು ಇಪ್ಪತ್ತೈದು ವರ್ಷದ ತಾಯಂದಿರನ್ನೂ ಸಾಲಲ್ಲಿ ನಿಲ್ಲಿಸಿದ್ದೆವು, ಅದು ಅವರ ಸಮಯಕ್ಕೂ ದಂಡ, ನೆಮ್ಮದಿಗೂ ದಂಡ. ಮೂರು, ಶಾಲೆಯ ಕಂಪೌಂಡಿನೊಳಗೆ ಮಾರಾಟದ ಮೇಜು ಬೇಡ. ನಾಲ್ಕು, ಚೀಟಿಯ ಹಿಂಬದಿಯಲ್ಲಿ ಕನ್ನಡದಲ್ಲಿ ಮೂರೇ ಸಾಲು ಇರಬೇಕು. ಇದು ರೋಗದ ತೀರ್ಮಾನ ಅಲ್ಲ. ಅಂಕೆ ಕಡಿಮೆ ಇದ್ದರೆ ಇಂಥ ಕಡೆ ಹೋಗಿ ಡಾಕ್ಟರನ್ನು ಕಾಣಿರಿ. ಅಂಕೆ ಚೆನ್ನಾಗಿದ್ದರೂ ಹಿಂದೆ ಎಲುಬು ಮುರಿದಿದ್ದರೆ ಕಾಣಿರಿ. ಆ ಮೂರು ಸಾಲನ್ನು ಬರೆದುಕೊಡಲು ನಾವು ತಯಾರು, ಅಚ್ಚು ಹಾಕಿಸುವ ಖರ್ಚು ಕೂಡ ನಮ್ಮದೇ ಇರಲಿ. ಓದಲು ಬಾರದವರಿಗೆ ತುಳುವಿನಲ್ಲೋ ಮಲೆಯಾಳದಲ್ಲೋ ಹೇಳಲು ಒಂಬತ್ತನೇ ತರಗತಿಯ ಮಕ್ಕಳು ನಿಲ್ಲುತ್ತಾರೆ. ಧ್ವನಿಯ ಪಾಠವನ್ನು ಅವರು ಪರೀಕ್ಷೆಗಿಂತ ಚೆನ್ನಾಗಿ ಅಲ್ಲಿ ಕಲಿತಾರು.

ಗಡಿಯಾಚೆಯ ಬೇರೆ ಕನ್ನಡ ಶಾಲೆಗಳ ಬಂಧುಗಳೇ, ನಿಮ್ಮಲ್ಲಿ ಚೀಟಿಯ ಇಂಗ್ಲಿಷಿನ ಜೊತೆ ತಮಿಳೋ ಮರಾಠಿಯೋ ತೆಲುಗೋ ಇರಬಹುದು. ಆದರೆ ಹಿಮ್ಮಡಿ ಇಡುವವರು ನಮ್ಮ ನಿಮ್ಮ ಅಮ್ಮಂದಿರೇ. ಶಾಲೆಯ ಮೇಲಿನ ನಂಬಿಕೆಯಿಂದ ಅವರು ಸಾಲಿನಲ್ಲಿ ನಿಲ್ಲುತ್ತಾರೆ, ಬ್ಯಾನರ್ ಓದಿ ಅಲ್ಲ. ಹಾಗಾಗಿ ಆ ಚೀಟಿಯನ್ನು ಓದಿ ಹೇಳುವ ಜವಾಬ್ದಾರಿಯೂ ಶಾಲೆಯದ್ದೇ ಎಂದು ನಮಗನ್ನಿಸುತ್ತದೆ. ನೀವೇನಂತೀರಿ?

ಅಂದ ಹಾಗೆ, ಈ ಸೋಮವಾರದಿಂದ ಹತ್ತನೇ ತರಗತಿಯ ಪಿ.ಟಿ. ಪೀರಿಯಡ್ಡನ್ನು ವಾಪಸು ಕೊಟ್ಟಿದ್ದೇವೆ. ಮೊದಲ ದಿನ ಹುಡುಗಿಯರು ಕಟ್ಟೆಯಿಂದ ಏಳಲಿಲ್ಲ. ಎರಡನೇ ದಿನ ನಮ್ಮ ಟೀಚರೊಬ್ಬರು ಸೆರಗು ಸಿಕ್ಕಿಸಿಕೊಂಡು ತಾವೇ ಹಗ್ಗ ಹಾರತೊಡಗಿದರು. ನಕ್ಕು ನಕ್ಕು ಎಲ್ಲರೂ ಎದ್ದು ಬಂದರು.